ಕಿರುಬೆರಳಿನ ಪರೀಕ್ಷೆಯಲ್ಲಿ ನಾನು ಪಾಸಾದದ್ದು

ನನ್ನ ಬಲಗೈಯ ಎರಡು ಬೆರಳಿಗೆ, ಅಂದರೆ ಕಿರುಬೆರಳಿಗೂ ಅದರ ಪಕ್ಕದ ಉಂಗುರದ ಬೆರಳಿಗೂ ಈಗ ಏನೂ ಗೊತ್ತಾಗುವುದಿಲ್ಲ. ಬಿಸಿಯೂ ಇಲ್ಲ, ತಣ್ಣಗೂ ಇಲ್ಲ. ಇದನ್ನು ಬರೆಯುತ್ತಿರುವುದು ಯಾರ ಕನಿಕರಕ್ಕೂ ಅಲ್ಲ. ಕನಿಕರ ತೋರಿಸುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಮೈಯೆಲ್ಲ ಉರಿಯುತ್ತದೆ. ಆದರೆ ಆಸ್ಪತ್ರೆಯ ಬೆಂಚಿನ ಮೇಲೆ ಕೈ ಮಡಿಲಲ್ಲಿಟ್ಟುಕೊಂಡು, ಒಳಗೆ ಹೋಗಿ ಡಾಕ್ಟರಿಗೆ ಏನು ಸುಳ್ಳು ಹೇಳಲಿ ಎಂದು ಯೋಚಿಸುತ್ತಾ ಕೂತ ನನ್ನಂಥವರು ಇನ್ನೂ ಇದ್ದಾರೆ. ಅವರಲ್ಲಿ ಒಬ್ಬರಾದರೂ ಓದಲಿ ಎಂದು ಬರೆಯುತ್ತಿದ್ದೇನೆ.

ನಾನು ಟೈಲರ್. ಮನೆ ಕೃಷ್ಣರಾಜಪುರದಲ್ಲಿ, ಅಂಗಡಿ ಹಲಸೂರಿನ ಒಂದು ಸಂದಿಯಲ್ಲಿ. ಇಪ್ಪತ್ತಾರು ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ಕನ್ನಡದವರು, ತಮಿಳಿನವರು, ತೆಲುಗಿನವರು, ಎಲ್ಲರೂ ಬರುತ್ತಾರೆ, ಎಲ್ಲರಿಗೂ ನಾನು ಪದ್ಮಕ್ಕ. ಜೊತೆಗೆ ಶಕೀಲಾ ಇದ್ದಾಳೆ. ಶಿವಾಜಿನಗರದವಳು, ಮೂವತ್ತೈದರ ಹೆಂಗಸು, ಹನ್ನೊಂದು ವರ್ಷದಿಂದ ನನ್ನ ಜೊತೆಗಿದ್ದಾಳೆ. ಕಟಿಂಗ್ ಮತ್ತು ಮೆಷಿನ್ ಹೊಲಿಗೆ ನಾವಿಬ್ಬರೂ ಮಾಡುತ್ತೇವೆ. ಕುತ್ತಿಗೆ ಅಂಚಿನ ಕೈಹೊಲಿಗೆ, ಹುಕ್ಕು, ಇವು ಮಾತ್ರ ನನ್ನವು. ಬೇರೆಯವರ ಕೈಗೆ ಕೊಡುತ್ತಿರಲಿಲ್ಲ. ಅದೊಂದು ಜಂಬ ನನಗೆ, ಮುಚ್ಚಿಟ್ಟೇನು ಪ್ರಯೋಜನ.

ನಾಲ್ಕು ವರ್ಷದ ಹಿಂದೆ ನಮ್ಮ ಯಜಮಾನರ ಸ್ಕೂಟರಿನಲ್ಲಿ ಬರುವಾಗ ಟಿನ್ ಫ್ಯಾಕ್ಟರಿ ಹತ್ತಿರ ಬಿದ್ದಿದ್ದೆ. ಮುಂದಿದ್ದ ಬಸ್ಸು ಗಕ್ಕನೆ ನಿಂತಿತು, ಇವರು ಬ್ರೇಕ್ ಒತ್ತಿದರು, ನಾನು ಬಲಭುಜದ ಮೇಲೆ ರಸ್ತೆಗೆ ಬಿದ್ದೆ. ಮೂಳೆಗೆ ಏನೂ ಆಗಲಿಲ್ಲ. ಕತ್ತಿನಿಂದ ತೋಳಿಗೆ ಇಳಿಯುವ ನರಗಳು ಎಳೆದುಕೊಂಡವು. ತೋಳು ತಿಂಗಳುಗಟ್ಟಲೆ ಒದ್ದೆ ಟವೆಲಿನಂತೆ ನೇತಾಡಿತು. ಒಂದು ವರ್ಷ ಹೊಲಿಗೆ ಬಿಡಿ ಎಂದರು ಆಗಿನ ಡಾಕ್ಟರು. ಮೆಷಿನ್ನಿಗೆ ಹಳೇ ಬೆಡ್‌ಶೀಟ್ ಹೊದಿಸಿ ಮನೆಯಲ್ಲಿ ಕೂತೆ. ಅರ್ಧದಷ್ಟು ಗಿರಾಕಿಗಳು ಇಂದಿರಾನಗರದ ಬೊಟಿಕ್‌ಗಳಿಗೆ ಹೋದರು. ಹೋದವರನ್ನು ಬೈದುಕೊಂಡೆ, ಉಳಿದವರನ್ನೂ ಬೈದುಕೊಂಡೆ, ಎಲ್ಲರಿಗಿಂತ ಹೆಚ್ಚಾಗಿ ಯಜಮಾನರನ್ನು ಬೈದೆ. ಸಾರಿಗೆ ಉಪ್ಪು ಜಾಸ್ತಿಯಾದರೂ "ಬೀಳಿಸಿದೋರು ನೀವೇ ತಾನೆ" ಎನ್ನುತ್ತಿದ್ದೆ. ಅವರು ತುಟಿ ಪಿಟಕ್ಕೆನ್ನದೆ ಸ್ಕೂಟರ್ ಮಾರಿಬಿಟ್ಟರು.

ಆಮೇಲೆ ಕೈ ಸ್ವಲ್ಪ ಸ್ವಲ್ಪವಾಗಿ ವಾಪಸ್ ಬಂತು. ಭುಜಕ್ಕೆ ಪೂರ್ತಿ ಬಲ ಬರಲಿಲ್ಲ, ಆದ್ದರಿಂದ ಮೊಣಕೈಯನ್ನು ಮೆಷಿನ್ನಿನ ಮರದಂಚಿಗೆ ಊರಿಕೊಂಡು ಹೊಲಿಯುವುದನ್ನು ರೂಢಿ ಮಾಡಿಕೊಂಡೆ. ಹಾಗೆ ಊರಿಕೊಂಡರೆ ದಿನಕ್ಕೆ ಹತ್ತು ಗಂಟೆ ಕೂತರೂ ಭುಜ ಸೋಲುತ್ತಿರಲಿಲ್ಲ. ನಾನೇ ಕಂಡುಹಿಡಿದ ಉಪಾಯ ಅದು. ಶಕೀಲಾಳಿಗೂ ತೋರಿಸಿ ಬೀಗಿದ್ದೆ.

ಹೊಸ ಜೋಮು ಶುರುವಾಗಿದ್ದು ಹೋದ ವರ್ಷ, ಮದುವೆಗಳ ಕಾಲದಲ್ಲಿ. ಒಂದು ಮಧ್ಯಾಹ್ನ ಕೆನೆಬಣ್ಣದ ರೇಷ್ಮೆ, ಮುಹೂರ್ತದ ಬ್ಲೌಸಿನ ಬಟ್ಟೆ, ಟೇಬಲ್ಲಿನ ಮೇಲೆ ಹಾಸಿದ್ದೆ. ಸೀಮೆಸುಣ್ಣದಲ್ಲಿ ಗೆರೆ ಎಳೆಯುವ ಮುಂಚೆ ಅಂಗೈಯ ಅಂಚಿನಿಂದ ಬಟ್ಟೆಯನ್ನು ಒಮ್ಮೆ ಸವರಿ ಸುಕ್ಕು ಬಿಡಿಸುವುದು ಎಲ್ಲ ಟೈಲರುಗಳ ಅಭ್ಯಾಸ. ಹಾಗೇ ಸವರಿದೆ. ಎದುರಿಗಿದ್ದ ಶಕೀಲಾ ಕಿಟಾರನೆ ಕೂಗಿಕೊಂಡಳು.

"ಯಾ ಅಲ್ಲಾ! ಅಕ್ಕಾ, ಖೂನ್! ಕೈ ತೆಗೀರಿ, ಕೈ ತೆಗೀರಿ!"

ನೋಡಿದರೆ ರೇಷ್ಮೆಯ ಮೇಲೆ ಒಂದು ಗೇಣುದ್ದ ಕೆಂಪು ಗೆರೆ. ನನ್ನ ಅಂಗೈಯ ಅಂಚಿನಲ್ಲಿ, ಕಿರುಬೆರಳಿನ ಕೆಳಗೆ, ಒಂದು ಗುಂಡುಸೂಜಿ ಅರ್ಧದವರೆಗೆ ಇಳಿದು ನಿಂತಿತ್ತು. ಯಾವಾಗ ಚುಚ್ಚಿಕೊಂಡಿತೋ ನನಗೆ ಗೊತ್ತಿಲ್ಲ.

ರಕ್ತದ ಕಲೆಗೆ ನಮ್ಮ ಕಸುಬಿನಲ್ಲಿ ಒಂದು ಮದ್ದಿದೆ. ಯಾರ ರಕ್ತವೋ ಅವರದೇ ಎಂಜಲು. ಬಿಳಿ ದಾರದ ಉಂಡೆಯೊಂದನ್ನು ಬಾಯಲ್ಲಿ ಅಗಿದು, ಅದರಿಂದ ಮೆತ್ತಗೆ ಒತ್ತಿ ಒತ್ತಿ ತೆಗೆಯಬೇಕು, ಉಜ್ಜಬಾರದು. ನಾನು ದಾರ ಅಗಿಯುತ್ತಾ ಒತ್ತುತ್ತಿದ್ದೆ. ಶಕೀಲಾ ಬಟ್ಟೆಯನ್ನು ನೋಡಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು.

"ನೋವಾಗ್ಲಿಲ್ವಾ ಅಕ್ಕಾ ನಿಮ್ಗೆ?"

"ಆಯ್ತಮ್ಮ. ಸೂಜಿ ಚುಚ್ಚಿದ್ರೆ ನೋವಾಗ್ದೆ ಇರುತ್ತಾ? ಕೆಲ್ಸ ನೋಡು ನೀನು" ಎಂದು ಗದರಿಸಿದೆ.

ಅದು ಮೊದಲ ಸುಳ್ಳು. ಕಲೆ ಹೋಯಿತು, ಬ್ಲೌಸೂ ಮದುವೆಮನೆ ಸೇರಿತು, ಮದುಮಗಳು ಫೋಟೋ ಕಳಿಸಿದಳು. ಆದರೆ ಅವತ್ತಿನಿಂದ ನನ್ನೊಳಗೆ ಒಂದು ಭಯ ಕೂತಿತು. ಯಾರೂ ಇಲ್ಲದಾಗ ಕಿರುಬೆರಳನ್ನು ಉಗುರಿನಿಂದ ಗಿಲ್ಲಿ ನೋಡುತ್ತಿದ್ದೆ. ಯಾರದೋ ಬೆರಳನ್ನು ಗಿಲ್ಲಿದ ಹಾಗಿತ್ತು. ಹಳೇ ಗಾಯದ ಕೈ ಇದು, ಈಗ ಪೂರ್ತಿ ಹೋಗುತ್ತದೆ, ಮತ್ತೆ ಮೆಷಿನ್ನಿಗೆ ಬೆಡ್‌ಶೀಟ್ ಹೊದಿಸಬೇಕು, ಈ ಸಲ ತೆಗೆಯುವ ಹಾಗೇ ಇಲ್ಲ. ಇದೊಂದೇ ಯೋಚನೆ ತಲೆಯಲ್ಲಿ ಸುತ್ತುತ್ತಿತ್ತು.

ಮನೆಯಲ್ಲಿ ಮೊದಲು ಕಂಡುಹಿಡಿದವರು ನಮ್ಮತ್ತೆ. ಎಪ್ಪತ್ತೆಂಟು ವಯಸ್ಸು, ಕಣ್ಣು ಮಂಜು, ಆದರೂ ನನ್ನ ಕೈಯಿಂದ ಎರಡು ಸಲ ಲೋಟ ಜಾರಿದ್ದು ಅವರಿಗೆ ಕಂಡಿತು. "ನಿನ್ ಮನೆ ಕಾಯೋಗ, ದೃಷ್ಟಿ ಆಗೈತೆ ಕಣೆ ಆ ಕೈಗೆ. ಊರ್‌ನೋರ್ ರವಿಕೆಯೆಲ್ಲ ಹೊಲ್ದು ಹೊಲ್ದು" ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಮನೆಯವರೆಲ್ಲ ಕೆಮ್ಮಿದೆವು. ಆಮೇಲೆ ಬೆಚ್ಚಗೆ ಕಾಯಿಸಿದ ಎಣ್ಣೆ ತಂದು ಕೈ ತಿಕ್ಕಿದರು. ಅವರ ಮುದಿ ಬೆರಳುಗಳು ನನ್ನ ಕಿರುಬೆರಳನ್ನು ನೀವುತ್ತಿರುವುದು ಕಣ್ಣಿಗೆ ಕಾಣುತ್ತಿತ್ತು, ಅಷ್ಟೇ. "ಈಗ ಆರಾಮಾಯ್ತಾ?" ಎಂದರು. "ಹೂಂ ಅತ್ತೆ" ಎಂದೆ.

ಎಣ್ಣೆ ತಿಕ್ಕುವುದನ್ನು ನೋಡಿದ ಯಜಮಾನರು ಮಾರನೇ ದಿನವೇ ಕೆಲಸಕ್ಕೆ ರಜೆ ಹಾಕಿ, ಕಂಟೋನ್ಮೆಂಟ್ ಕಡೆಯ ದೊಡ್ಡ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದರು. ಅಲ್ಲಿಯ ಉದ್ದ ಕಾರಿಡಾರು, ಕಬ್ಬಿಣದ ಬೆಂಚು, ಫೈಲನ್ನು ಎದೆಗವಚಿಕೊಂಡು ಕೂತ ಜನ. ಪಕ್ಕದಲ್ಲಿ ಒಬ್ಬಾಕೆ ತಮಿಳು ಅಜ್ಜಿ, ನನ್ನ ಕೈ ನೋಡಿ ಏನೂ ಕೇಳದೆ ತನ್ನ ಡಬ್ಬಿಯಿಂದ ಒಂದು ಇಡ್ಲಿ ಕೊಟ್ಟಳು. ತಿಂದೆ. ನನ್ನ ಗಮನವೆಲ್ಲ ಬಾಗಿಲ ಮೇಲಿತ್ತು. ಒಳಗಿಂದ ಬಂದ ಒಬ್ಬ ಗಂಡಸು ಹೆಂಡತಿಗೆ "ಆರ್ ತಿಂಗ್ಳು ಕೆಲ್ಸಕ್ಕೆ ಹೋಗ್ಬಾರ್ದಂತೆ" ಎಂದ. ಅದನ್ನು ಕೇಳಿದ್ದೇ ತಡ, ನಾನು ತೀರ್ಮಾನ ಮಾಡಿಬಿಟ್ಟೆ.

ಒಳಗೆ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಇದ್ದಳು. ಯಜಮಾನರನ್ನು ಹೊರಗೆ ನಿಲ್ಲಿಸಿದಳು. "ಕಣ್ಣು ಮುಚ್ಕೊಳ್ಳಿ ಆಂಟಿ. ನಾನು ಹತ್ತಿಯಲ್ಲಿ ಮುಟ್ತೀನಿ, ಗೊತ್ತಾದಾಗ ಹೂಂ ಅನ್ನಿ" ಎಂದಳು.

ನಾನು ಕಣ್ಣು ಮುಚ್ಚಿದೆ, ಆದರೆ ಪೂರ್ತಿ ಅಲ್ಲ. ರೆಪ್ಪೆಯ ಕೆಳಗೆ ಒಂದು ಸಣ್ಣ ಸೀಳು ಬಿಟ್ಟುಕೊಂಡೆ. ಹತ್ತಿ ಬಂದಾಗೆಲ್ಲ ಹೂಂ. ಸೂಜಿ ಬಂದಾಗ "ಚುಚ್ತು". ಸ್ಕೂಲಿನಲ್ಲಿ ಲೆಕ್ಕದ ಪರೀಕ್ಷೆಯಲ್ಲಿ ಕೂಡ ನಾನು ಅಷ್ಟು ಚೆನ್ನಾಗಿ ಕಾಪಿ ಹೊಡೆದವಳಲ್ಲ. ಡಾಕ್ಟರಮ್ಮ ಬರೆದುಕೊಂಡಳು. ಹಳೇ ಗಾಯದ್ದೇ ಉಳಿಕೆ ಇರಬಹುದು, ಸ್ಪರ್ಶ ಚೆನ್ನಾಗಿದೆ, ಮಾತ್ರೆ ತಗೊಳ್ಳಿ, ಆರು ವಾರ ಬಿಟ್ಟು ಬನ್ನಿ, ಹೆಚ್ಚಾದರೆ ಕೂಡಲೇ ಬನ್ನಿ ಎಂದಳು. ಹೊರಗೆ ಬಂದು "ಏನಿಲ್ವಂತೆ" ಎಂದೆ. ಯಜಮಾನರು ಎರಡು ಕೈಯನ್ನೂ ಮುಗಿದು ಗೋಡೆಯ ಮೇಲಿದ್ದ ದೇವರ ಪಟಕ್ಕೆ ನಮಸ್ಕಾರ ಮಾಡಿದರು. ಆ ಮುಖ ನೋಡಿದಾಗ ನಾಚಿಕೆಯಾಯಿತು. ಆದರೂ ಬಾಯಿ ಬಿಡಲಿಲ್ಲ.

ಆಮೇಲಿನ ಐದು ವಾರ ನನಗೆ ನಾನೇ ಮಾಡಿಕೊಂಡ ಅನ್ಯಾಯ. ಹುಕ್ಕು ಹಾಕುವಾಗ ಬಟ್ಟೆಯ ಕೆಳಗೆ ಆಧಾರಕ್ಕಿರಬೇಕಾದ ಬೆರಳುಗಳು ಎಲ್ಲಿವೆ ಎಂದೇ ತಿಳಿಯುತ್ತಿರಲಿಲ್ಲ. ಕಣ್ಣಿಟ್ಟು ನೋಡಿ ನೋಡಿ ಹಾಕುತ್ತಿದ್ದೆ. ಕೈ ನಡುಗಬಾರದೆಂದು ಮೊಣಕೈಯನ್ನು ಮರದಂಚಿಗೆ ಇನ್ನೂ ಬಲವಾಗಿ ಒತ್ತಿಕೊಳ್ಳುತ್ತಿದ್ದೆ. ಸಂಜೆಯಾದರೆ ಮೊಣಕೈಯಿಂದ ಬೆರಳಿನವರೆಗೆ ಕರೆಂಟ್ ಹೊಡೆದ ಹಾಗೆ ಜುಮ್ ಎನ್ನುತ್ತಿತ್ತು. ಅದನ್ನೇ ಒಳ್ಳೇ ಲಕ್ಷಣ ಎಂದುಕೊಂಡೆ ನಾನು, ಜೀವ ಬರುತ್ತಿದೆ ಎಂದುಕೊಂಡೆ. ದಡ್ಡತನಕ್ಕೂ ಒಂದು ಮಿತಿ ಬೇಡವೇ!

ಐದನೇ ವಾರ ಒಂದು ಬೆಳಿಗ್ಗೆ ಹಸಿರು ರೇಷ್ಮೆ ಬ್ಲೌಸಿಗೆ ಇಸ್ತ್ರಿ ಹಾಕುತ್ತಿದ್ದೆ. ಬಲಗೈಯಲ್ಲಿ ಬಟ್ಟೆಯ ಅಂಚು ಹಿಡಿದಿದ್ದೆ, ಎಡಗೈಯಲ್ಲಿ ಇಸ್ತ್ರಿಪೆಟ್ಟಿಗೆ. ಸುಟ್ಟ ವಾಸನೆ ಬಂತು. ಗಿರಾಕಿಯ ರೇಷ್ಮೆ! ಪೆಟ್ಟಿಗೆ ಎತ್ತಿ ಬಟ್ಟೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದೆ. ಎಲ್ಲೂ ಏನೂ ಆಗಿರಲಿಲ್ಲ. ಅಬ್ಬಾ, ಬದುಕಿದೆ ಎಂದುಕೊಂಡು ಉಸಿರುಬಿಟ್ಟೆ. ಆಮೇಲೆ ನನ್ನ ಕೈ ನೋಡಿಕೊಂಡೆ. ಅಂಗೈಯ ಅಂಚು ಕಿರುಬೆರಳಿನ ಬುಡದವರೆಗೆ ಬೆಳ್ಳಗಾಗಿ ಸುಲಿದು ಬಂದಿತ್ತು.

ಶಕೀಲಾ ಓಡಿಬಂದಳು. ನಲ್ಲಿಯ ಕೆಳಗೆ ನನ್ನ ಕೈ ಹಿಡಿದು ಅಳಲು ಶುರುಮಾಡಿದಳು. ನನಗೆ ಅಳು ಬರಲಿಲ್ಲ. ನೋವೇ ಇಲ್ಲವಲ್ಲ, ಅಳುವುದು ಯಾವುದಕ್ಕೆ? ನನ್ನ ಹೆದರಿಕೆಯೇ ಬೇರೆ. ಬಟ್ಟೆ ಸುಡಲಿಲ್ಲ ಎಂದು ಸಂತೋಷಪಟ್ಟೆನಲ್ಲ, ಹೆದರಿದ್ದು ಅದಕ್ಕೆ. ನಾನೇ ಯಜಮಾನರಿಗೆ ಫೋನ್ ಮಾಡಿ ಬನ್ನಿ ಎಂದೆ.

ಈ ಸಲ ನೋಡಿದವರು ದೊಡ್ಡ ಡಾಕ್ಟರು, ಧಾರವಾಡ ಕಡೆಯವರು, ತಲೆ ನರೆತಿತ್ತು. ಯಜಮಾನರನ್ನೂ ಒಳಗೇ ಕೂರಿಸಿಕೊಂಡರು. ಸುಟ್ಟ ಜಾಗಕ್ಕೆ ಪಟ್ಟಿ ಕಟ್ಟಿಸಿದ ಮೇಲೆ ಮತ್ತೆ ಅದೇ ಪರೀಕ್ಷೆ. ಆದರೆ ಇವರು ನನ್ನ ಕಣ್ಣಿನ ಮೇಲೆ ಮಡಿಸಿದ ಟವೆಲ್ ಇಟ್ಟರು. ಸುತ್ತಲೂ ಕತ್ತಲೆ. ಇಷ್ಟಾದ ಮೇಲೂ ನನ್ನ ಬುದ್ಧಿ ನೋಡಿ, ಲೆಕ್ಕ ಹಾಕುತ್ತಿದ್ದೆ. ಒಂದು ಸಲ ಮುಟ್ಟಿ, ಸ್ವಲ್ಪ ಹೊತ್ತು ಬಿಟ್ಟು, ಇನ್ನೊಂದು ಸಲ ಮುಟ್ಟಬಹುದು. ಅಂದಾಜಿನ ಮೇಲೆ ಹೂಂ ಎಂದೆ. ಸ್ವಲ್ಪ ಬಿಟ್ಟು ಮತ್ತೆ ಹೂಂ. ಮತ್ತೆ ಹೂಂ.

"ಅಕ್ಕಾರ" ಎಂದರು ಡಾಕ್ಟರು ಮೆಲ್ಲಗೆ. "ನಾ ಇನ್ನೂ ಮುಟ್ಟೇ ಇಲ್ಲ."

ಟವೆಲ್ ತೆಗೆದಾಗ ಅವರು ಕೈ ಕಟ್ಟಿಕೊಂಡು ನಿಂತಿದ್ದರು. ಪಕ್ಕದಲ್ಲಿ ಯಜಮಾನರು ನನ್ನನ್ನೇ ನೋಡುತ್ತಿದ್ದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಹೋದ ಸಲಾನೂ ಹಿಂಗ ಮಾಡಿದ್ರೇನು?"

"ಹೂಂ ಸಾರ್. ಕಣ್ಣು ಸ್ವಲ್ಪ ತೆಗೆದಿದ್ದೆ."

"ಯಾಕ್ರೀ?"

"ಗೊತ್ತಾಗಲ್ಲ ಅಂದ್ರೆ ಹೊಲಿಗೆ ಬಿಡಿ ಅಂತೀರಲ್ಲ ಸಾರ್. ಇನ್ನೊಂದ್ಸಲ ಬಿಡಕ್ಕಾಗಲ್ಲ ನನ್ ಕೈಲಿ" ಎಂದೆ. ಅಷ್ಟರಲ್ಲಿ ಅಳು ಬಂದುಬಿಟ್ಟಿತು, ಐದು ವಾರದ್ದೆಲ್ಲ ಒಟ್ಟಿಗೆ.

ಅವರು ಬೈಯಲಿಲ್ಲ. ಅಳು ನಿಲ್ಲುವವರೆಗೆ ಕಾದರು. "ಇದು ಪಾಸು ಫೇಲಿನ ಮಾತಲ್ಲ ಅಕ್ಕಾರ. ನಿಮ್ಮ ಕೈ ಏನು ಹೇಳ್ತದ, ಅದನ್ನಷ್ಟ ನನಗ ಹೇಳ್ರಿ" ಎಂದು, ಮತ್ತೆ ಮೊದಲಿನಿಂದ ಮಾಡಿದರು. ಈ ಸಲ ಬಹಳ ಹೊತ್ತು ಕೋಣೆಯಲ್ಲಿ ಯಾವ ಸದ್ದೂ ಇರಲಿಲ್ಲ. ನಾನು ಹೂಂ ಎನ್ನಲು ಕಾಯುತ್ತಲೇ ಇದ್ದೆ.

ಆಮೇಲೆ ಕರೆಂಟ್ ಕೊಟ್ಟು ನರ ಪರೀಕ್ಷೆ ಮಾಡಿದರು. ಅದರಲ್ಲಿ ಕಾಪಿ ಹೊಡೆಯಲು ಬರುವುದಿಲ್ಲ. ಹೊಸ ತೊಂದರೆ ಭುಜದಲ್ಲಿ ಅಲ್ಲ, ಮೊಣಕೈಯಲ್ಲಿ ಎಂದು ಗೊತ್ತಾಯಿತು. ಮೊದಲೇ ಸೊರಗಿದ್ದ ನರ, ಅದನ್ನು ನಾನು ದಿನಕ್ಕೆ ಹತ್ತು ಗಂಟೆ ಮೆಷಿನ್ನಿನ ಅಂಚಿಗೆ ಒತ್ತಿ ಒತ್ತಿ ಇಟ್ಟಿದ್ದೆ. ನಾನು ಕಂಡುಹಿಡಿದು ಬೀಗಿದ್ದ ಉಪಾಯವೇ ನನ್ನ ಕೈಯನ್ನು ತಿಂದಿತ್ತು. ಆಪರೇಷನ್ ಮಾಡಿ ನರ ಬಿಡಿಸಬೇಕು ಎಂದರು. ಬಲ ಉಳಿಯುತ್ತದೆ, ಸ್ಪರ್ಶ ವಾಪಸ್ ಬರುತ್ತದೆಯೋ ಇಲ್ಲವೋ ಈಗಲೇ ಹೇಳಲಾಗದು ಎಂದರು. "ಐದು ವಾರ ಮುಂಚೆ ಹೇಳಿದ್ದಿದ್ರೆ?" ಎಂದು ಕೇಳಿದೆ. "ಛಲೋ ಇರ್ತಿತ್ತು" ಎಂದರು. ಅವರು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

ಕಾರಿಡಾರಿನಲ್ಲಿ ಯಜಮಾನರು ಮೊದಲನೇ ಸಲ ನನ್ನ ಮೇಲೆ ದನಿ ಎತ್ತಿದರು. "ನಾನ್ ಬೀಳಿಸ್ದೆ ಅಂತ ಮೂರ್ ವರ್ಷ ಅಂದೆ. ಅನ್ನು, ಇನ್ನೂ ಅನ್ನು. ಒಂದಿನಾನಾದ್ರೂ ಎದುರು ಮಾತಾಡಿದ್ನಾ? ಇದೊಂದ್ ಯಾಕೆ ಮುಚ್ಚಿಟ್ಟೆ ಪದ್ಮಾ?"

ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಅವರು ಹೋಗಿ ಒಂದು ಲೋಟ ಟೀ ತಂದು ನನ್ನ ಎಡಗೈಗೆ ಕೊಟ್ಟು, ದೂರ ಹೋಗಿ ಗೋಡೆ ಕಡೆ ತಿರುಗಿ ನಿಂತುಬಿಟ್ಟರು.

ಆಪರೇಷನ್ ಆಯಿತು. ಕೈ ಜೋಳಿಗೆಯಲ್ಲಿ ಕಟ್ಟಿಕೊಂಡು ಮನೆಯಲ್ಲಿ ಕೂತ ದಿನಗಳನ್ನು ಬರೆಯುವುದಿಲ್ಲ. ತಲೆ ಬಾಚಿ ಜಡೆ ಹಾಕುವುದಕ್ಕೂ ಅತ್ತೆಯ ಮುಂದೆ ಕೂರಬೇಕಾಗಿತ್ತು ಎಂದರೆ ಸಾಕು. ಅವರು ಜಡೆಯನ್ನು ಬಿಗಿಯಾಗಿ ಎಳೆದು ಹೆಣೆಯುತ್ತಾ, "ಸುಳ್ಳಿ, ನನ್ ಹತ್ರಾನೂ ಆರಾಮಾಯ್ತು ಅಂದ್ಯಲ್ಲೇ" ಎಂದು ದಿನಕ್ಕೊಂದು ಸಲ ಬೈಯುತ್ತಿದ್ದರು. ಬೈದಷ್ಟೂ ನನಗೆ ಹಗುರಾಗುತ್ತಿತ್ತು.

ಎರಡು ತಿಂಗಳ ಮೇಲೆ ಅಂಗಡಿಗೆ ಹೋದಾಗ ಇನ್ನೊಂದು ಏಟು ಕಾದಿತ್ತು. ಒಬ್ಬ ಹಳೇ ಗಿರಾಕಿ ಬಂದವಳು, "ಪದ್ಮಕ್ಕ, ನೀವ್ ಹಾಕೋ ಹುಕ್ಕಿನ ಮುಂದೆ ಯಾವ ಬೊಟಿಕ್ಕೂ ಇಲ್ಲ, ಹೋದ್ ಸೀಸನ್‌ದು ಒಂದೂ ಕಿತ್ತಿಲ್ಲ ನೋಡಿ" ಎಂದು ಹೊಗಳಿ ಹೋದಳು. ನನಗೆ ಆಶ್ಚರ್ಯವಾಯಿತು. ಆ ಸೀಸನ್ನಿನಲ್ಲಿ ನಾನು ಹಾಕಿದ ಹುಕ್ಕುಗಳು ಹೇಗಿದ್ದವು ಎಂದು ನನಗೆ ತಿಳಿಯದೇ? ಶಕೀಲಾ ತಲೆ ಎತ್ತದೆ ಮೆಷಿನ್ ತುಳಿಯುತ್ತಿದ್ದಳು.

"ನೀನ್ ಹಾಕಿದ್ಯಾ?"

ಮೆಷಿನ್ ನಿಂತಿತು. "ಮನೆಗೆ ತಗೊಂಡ್ಹೋಗಿ ಬಿಚ್ಚಿ ಹಾಕ್ತಿದ್ದೆ ಅಕ್ಕಾ. ಖೂನ್ ಬಂತಲ್ಲ, ಅವತ್ತಿಂದ. ನಿಮ್ಗೆ ಹೇಳಿದ್ರೆ ನೀವು ಬೇಜಾರ್ ಮಾಡ್ಕೊತೀರಾ ಅಂತ."

ಎಷ್ಟು ಕೋಪ ಬಂತೆಂದರೆ ಕತ್ತರಿಯನ್ನು ಟೇಬಲ್ಲಿನ ಮೇಲೆ ಕುಕ್ಕಿದೆ. ನನ್ನ ಹೊಲಿಗೆಯನ್ನು ಬಿಚ್ಚಲು ನೀನು ಯಾರೇ ಎಂದು ಕೇಳಬೇಕೆಂದು ಬಾಯಿ ತೆರೆದೆ. ಕೇಳಲಾಗಲಿಲ್ಲ. ಗಿರಾಕಿಗಳ ಮುಂದೆ ನನ್ನ ಮಾನ ಉಳಿಸಿದ್ದು ಅವಳು. ನಾನು ಅವಳಿಗೆ ಹೇಳಿದ್ದು ಬರೀ ಸುಳ್ಳು. ಆ ಮಧ್ಯಾಹ್ನ ಹುಕ್ಕಿನ ಡಬ್ಬಿ, ಕೈಸೂಜಿ, ದಾರದ ಉಂಡೆ ಎಲ್ಲವನ್ನೂ ನನ್ನ ಡ್ರಾಯರಿನಿಂದ ತೆಗೆದು ಅವಳ ಡ್ರಾಯರಿಗೆ ಹಾಕಿದೆ. ಈಗ ಕತ್ತರಿ ಮತ್ತು ಮೆಷಿನ್ ನನ್ನವು, ಅದೂ ಕಣ್ಣಿಟ್ಟು, ಮೊಣಕೈಯ ಕೆಳಗೆ ಸ್ಪಂಜಿನ ದಿಂಬು ಹಾಕಿಕೊಂಡು. ಕೈಹೊಲಿಗೆ ಅವಳದು. ಕೇಳಿದವರಿಗೆ ಹಾಗೇ ಹೇಳುತ್ತೇನೆ. ಒಬ್ಬಿಬ್ಬರು ಮುಖ ಸಣ್ಣದು ಮಾಡಿಕೊಂಡು ಹೋದರು, ಹೋಗಲಿ.

ಕಳೆದ ತಿಂಗಳು ಕೊನೆಯ ತಪಾಸಣೆ. ಈ ಸಲ ಟವೆಲ್ ಬೇಡ ಸಾರ್ ಎಂದು ನಾನೇ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡೆ. ಎಲ್ಲ ಮುಗಿದ ಮೇಲೆ ಡಾಕ್ಟರು ಕೂತು ಹೇಳಿದರು. ಹಿಡಿತದ ಬಲ ಉಳಿದಿದೆ, ಇನ್ನು ಕಡಿಮೆಯಾಗುವುದಿಲ್ಲ. ಹೊಲಿಯಬಹುದು. ಆದರೆ ಆ ಎರಡು ಬೆರಳಿಗೆ, ಅಂಗೈಯ ಆ ಅಂಚಿಗೆ ಇನ್ನು ಸ್ಪರ್ಶ ಬರುವ ಆಸೆ ಇಟ್ಟುಕೊಳ್ಳಬೇಡಿ. ನಾನು ತಲೆಯಾಡಿಸಿದೆ. ಕಸುಬು ಉಳಿಯಿತಲ್ಲ, ಖುಷಿಪಡಬೇಕಿತ್ತು. ಆಗಲಿಲ್ಲ. ಬರುತ್ತದೆ ಎಂದು ಒಳಗೊಳಗೇ ನಂಬಿಕೊಂಡಿದ್ದೆ ಎನ್ನುವುದು ಆಗಲೇ ನನಗೂ ತಿಳಿದದ್ದು.

ಮನೆಗೆ ಹೋಗಲು ಹಲಸೂರಿನಲ್ಲಿ ಮೆಟ್ರೋ ಹತ್ತಿದೆವು, ನಾನೂ ಯಜಮಾನರೂ. ಪುಣ್ಯಕ್ಕೆ ಇಬ್ಬರಿಗೂ ಸೀಟು ಸಿಕ್ಕಿತು. ಯಜಮಾನರು ನನ್ನ ಬಲಕ್ಕೆ ಕೂತರು. ನಾನು ಕಿಟಕಿಯಾಚೆ ನೋಡುತ್ತಿದ್ದೆ, ಏನು ಕಂಡೆನೋ ನೆನಪಿಲ್ಲ. ಇಂದಿರಾನಗರದಲ್ಲಿ ಜನ ನುಗ್ಗಿದರು. ಬೈಯಪ್ಪನಹಳ್ಳಿ ಬರುವ ಹೊತ್ತಿಗೆ ಕಣ್ಣಿನಲ್ಲಿ ನೀರು ತುಂಬಿಕೊಂಡಿತು. ಸೆರಗಿನಿಂದ ಒರೆಸಿಕೊಳ್ಳೋಣ ಎಂದು ಬಲಗೈ ಎತ್ತಿದೆ. ಕೈ ಮೇಲೆ ಬರಲಿಲ್ಲ. ಬಲವೂ ಹೋಯಿತೇ? ಗಾಬರಿಯಿಂದ ಕೆಳಗೆ ನೋಡಿದೆ.

ಯಜಮಾನರು ಹಿಡಿದುಕೊಂಡಿದ್ದರು. ಬೇರೆಯವರಿಗೆ ಕಾಣದಂತೆ ನನ್ನ ಸೆರಗಿನ ಮರೆಯಲ್ಲಿ, ಆ ಎರಡು ಬೆರಳುಗಳನ್ನು ತಮ್ಮ ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು, ಎದುರಿನ ಬಾಗಿಲನ್ನೇ ನೋಡುತ್ತಾ ಕೂತಿದ್ದರು. ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷದಲ್ಲಿ ಜನರ ಎದುರಿಗೆ ಅವರು ನನ್ನ ಕೈ ಹಿಡಿದವರಲ್ಲ.

"ಯಾವಾಗಿಂದ ಹಿಡ್ಕೊಂಡಿದ್ದೀರಿ?" ಎಂದು ಕೇಳಿದೆ.

"ಹಲಸೂರಿಂದ" ಎಂದರು. ಆಮೇಲೆ ನನ್ನ ಮುಖ ನೋಡಿದರು, ಬೆರಳು ನೋಡಿದರು. ಅವರಿಗೆ ಅರ್ಥವಾಯಿತು. ತಪ್ಪು ಮಾಡಿದವರಂತೆ ಕೈ ಹಿಂದಕ್ಕೆ ಎಳೆದುಕೊಳ್ಳತೊಡಗಿದರು.

ನಾನು ಬಿಡಲಿಲ್ಲ. ಅವರ ಕೈಯನ್ನು ಎಡಗೈಯಲ್ಲಿ ಹಿಡಿದು, ಆ ಎರಡು ಬೆರಳುಗಳಿಂದ ಬಿಡಿಸಿ, ಈಚೆಗೆ ತಂದು, ನನ್ನ ಹೆಬ್ಬೆರಳಿನ ಬುಡದಲ್ಲಿ ಇಟ್ಟುಕೊಂಡೆ.

"ಅಲ್ಲಿ ಬೇಡ, ಇಲ್ಲಿ ಹಿಡ್ಕೊಳ್ಳಿ" ಎಂದೆ. "ಇಲ್ಲಿ ನಂಗೆ ಗೊತ್ತಾಗುತ್ತೆ."